ಬೋಸ್ ಹೇಳುವ ಮೊದಲು ಗಿಡಕ್ಕೆ ಜೀವ ಇರಲಿಲ್ವಾ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. ಒಂಬತ್ತನೇ ತರಗತಿಯ 52 ಮಕ್ಕಳಿಗೆ 'ನನ್ನ ಮೆಚ್ಚಿನ ಜೀವವಿಜ್ಞಾನಿ' ಎಂಬ ಪ್ರಾಜೆಕ್ಟ್ ಕೊಟ್ಟಿದ್ದೆ. ಬಂದವುಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇವೆ. ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಓದಿದ ಊರು, ಬಂದ ಪ್ರಶಸ್ತಿ, ತೀರಿಕೊಂಡ ದಿನ. ಕೆಲವು ಫೋನಿನಿಂದ ಇಳಿಸಿದ್ದು, ಕೆಲವು ಅಂಗಡಿಯ ಚಾರ್ಟಿನಿಂದ ಕತ್ತರಿಸಿ ಅಂಟಿಸಿದ್ದು. ಎಬ್ಬಿಸಿ ನಿಲ್ಲಿಸಿ ಕೇಳಿದರೆ ಎರಡು ವಾಕ್ಯ ಹೇಳಲು ಬರುವುದಿಲ್ಲ. ನಮ್ಮ ಲ್ಯಾಬ್ ಅಂದರೆ ಒಂದು ಬೀರು, ಒಂದು ಹಳೇ ಮೈಕ್ರೋಸ್ಕೋಪ್, ಅಷ್ಟೇ. ಯಾವ ವಿಜ್ಞಾನಿಗಳನ್ನು ಕೊಡಲಿ? ಹೇಗೆ ಮಾಡಿಸಲಿ? ಅಂಕ ಹೇಗೆ ಹಾಕಲಿ?

ಉತ್ತರ:

ಮೇಡಂ, ನಿಮ್ಮ ಮಕ್ಕಳ ಪ್ರಾಜೆಕ್ಟ್‌ಗಳನ್ನು ನಾನು ನೋಡಿಲ್ಲ. ಆದರೂ ಐದಾರು ಹಾಳೆಗಳಲ್ಲಾದರೂ ಈ ಸಾಲು ಇದ್ದೇ ಇರುತ್ತದೆ, ಬೇಕಾದರೆ ಬಾಜಿ ಕಟ್ಟುತ್ತೇನೆ: "ಸಸ್ಯಗಳಿಗೆ ಜೀವವಿದೆ ಎಂದು ಕಂಡುಹಿಡಿದವರು ಜಗದೀಶಚಂದ್ರ ಬೋಸ್." ಹೈಸ್ಕೂಲಿನಲ್ಲಿ ನಾನೂ ಇದನ್ನು ಬರೆದಿದ್ದೆ. ಪಾಠ ಹೇಳುವ ಕೆಲಸಕ್ಕೆ ಬಂದ ಮೇಲೆ ಇದೇ ಸಾಲಿಗೆ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿದ್ದೂ ಉಂಟು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ಬೋಸ್ ಹೇಳೋ ಮೊದಲು ಗಿಡ ಒಣಗಿದ್ರೆ ರೈತರು 'ಸತ್ತೋಯ್ತು' ಅಂತಿರ್ಲಿಲ್ವಾ?" ಕ್ಲಾಸು ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಹುಡುಕಿದೆ.

ಗಿಡಕ್ಕೆ ಜೀವ ಇದೆ ಅನ್ನುವುದು ಬೀಜ ಬಿತ್ತಿ ಬೆಳೆ ತೆಗೆದ ಎಲ್ಲರಿಗೂ ಗೊತ್ತಿತ್ತು. ಬೋಸ್ ಕೇಳಿದ್ದು ಬೇರೆಯೇ ಪ್ರಶ್ನೆ. ಪ್ರಾಣಿಯ ಸ್ನಾಯುವನ್ನು ಚುಚ್ಚಿದರೆ ಅದರಲ್ಲಿ ಸಣ್ಣ ವಿದ್ಯುತ್ ಅಲುಗಾಟ ಏಳುತ್ತದೆ. ಗಿಡವನ್ನು ಚುಚ್ಚಿದರೆ? ಬಿಸಿ ತಾಗಿಸಿದರೆ? ಪ್ರಜ್ಞೆ ತಪ್ಪಿಸುವ ಕ್ಲೋರೋಫಾರಂ ಕೊಟ್ಟರೆ? ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರು. ರೇಡಿಯೋ ಅಲೆಗಳ ಮೇಲೆ ಕೆಲಸ ಮಾಡಿದವರು. ಹಾಗಾಗಿ ಸಣ್ಣ ಅಲುಗಾಟವನ್ನು ಹಿಡಿಯುವ ಉಪಕರಣ ಮಾಡುವುದು ಅವರಿಗೆ ಕೈಬಂದ ವಿದ್ಯೆ. ಗಿಡ ಬೆಳೆಯುವುದನ್ನು ಹತ್ತು ಸಾವಿರ ಪಟ್ಟು ದೊಡ್ಡದಾಗಿ ತೋರಿಸುವ ಕ್ರೆಸ್ಕೋಗ್ರಾಫನ್ನೂ ಕಟ್ಟಿದರು. ಗಿಡವೂ ಪೆಟ್ಟಿಗೆ ಸ್ಪಂದಿಸುತ್ತದೆ, ಆ ಸ್ಪಂದನವನ್ನು ಅಳೆಯಬಹುದು ಎಂದು ತೋರಿಸಿದ್ದು ಅವರ ಕೆಲಸ. ಅದನ್ನು ನಾವು 'ಜೀವವಿದೆ' ಎಂದು ಕುಗ್ಗಿಸಿ ಚಾರ್ಟಿಗೆ ಅಂಟಿಸಿದ್ದೇವೆ. ಆ ಒಂದು ಸಾಲಿನಿಂದ ಬೋಸರಿಗೂ ಅನ್ಯಾಯ, ಗಿಡಕ್ಕೂ ಅನ್ಯಾಯ.

ಅಂದಿನಿಂದ ನಾನು ಮಕ್ಕಳಿಗೆ ವಿಜ್ಞಾನಿಯ ಹೆಸರು ಕೊಡುವುದನ್ನು ಬಿಟ್ಟೆ. ಪ್ರಶ್ನೆ ಕೊಡುತ್ತೇನೆ. ನೀವೂ ಅಷ್ಟು ಮಾಡಿ ನೋಡಿ, ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. 'ಜಗದೀಶಚಂದ್ರ ಬೋಸ್' ಅಂತ ಕೊಟ್ಟರೆ ಹುಟ್ಟಿದ ದಿನ ಬರುತ್ತದೆ. 'ಮುಟ್ಟಿದರೆ ಮುನಿ ಮುನಿಸಿಕೊಂಡಿದ್ದು ಬೇರೆ ಎಲೆಗೆ ಹೇಗೆ ಗೊತ್ತಾಗುತ್ತದೆ?' ಅಂತ ಕೊಟ್ಟರೆ ಮಗು ಮೊದಲು ಬೇಲಿ ಹತ್ತಿರ ಹೋಗುತ್ತದೆ, ಆಮೇಲೆ ಬೋಸರ ಹತ್ತಿರ ಬರುತ್ತದೆ. ಬೋಸ್ ಕೂಡ ಇದೇ ಗಿಡದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ತುದಿಯ ಎಲೆ ಮುಟ್ಟಿದರೆ ಮಡಚುವುದು ಎಲ್ಲಿವರೆಗೆ ಹೋಗುತ್ತದೆ, ಮತ್ತೆ ಬಿಚ್ಚಿಕೊಳ್ಳಲು ಎಷ್ಟು ನಿಮಿಷ ಬೇಕು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಇದೆಯಾ, ಐಸ್ ತುಂಡು ತಾಗಿಸಿದರೆ ಏನಾಗುತ್ತದೆ, ಇವನ್ನೆಲ್ಲ ಮಗು ನೋಡಿ ಬರೆಯಲಿ. ಇದಕ್ಕೆ ಬೇಕಾಗಿದ್ದು ಒಂದು ಗಡಿಯಾರ, ಒಂದು ನೋಟ್‌ಬುಕ್. ನಿಮ್ಮ ಬೀರುವಿನ ಬೀಗ ತೆಗೆಯುವುದೂ ಬೇಡ.

ಪ್ರಶ್ನೆಯ ಬೆನ್ನು ಹತ್ತುವ ಮಗು ನಾಲ್ಕು ವಿಷಯ ತಂದು ಕೊಡಬೇಕು. ಅದಕ್ಕೂ ಮೊದಲು ಜನ ಏನು ಅಂದುಕೊಂಡಿದ್ದರು? ಇವರು ಕೈಯಾರೆ ಏನು ಮಾಡಿದರು? ಕಂಡಿದ್ದು ಅದೇ ಎಂದು ಅವರಿಗೆ ಹೇಗೆ ಗೊತ್ತಾಯಿತು, ಬೇರೇನೋ ಆಗಿರಬಹುದಿತ್ತಲ್ಲ? ಜೊತೆಗೆ ಯಾರಿದ್ದರು? ಮೂರನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟ. ಒಂದು ಉದಾಹರಣೆ ವಿವರವಾಗಿ ಹೇಳುತ್ತೇನೆ. ಇದನ್ನು ನೀವು ತರಗತಿಯಲ್ಲಿ ಕಥೆಯಂತೆ ಹೇಳಿ, ಆಮೇಲೆ ಮಕ್ಕಳನ್ನು ಅವರವರ ಪ್ರಶ್ನೆಗೆ ಬಿಡಬಹುದು.

ರೊನಾಲ್ಡ್ ರಾಸ್. ಚಾರ್ಟಿನಲ್ಲಿ ಇರುವುದು ಇಷ್ಟೇ: 'ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ಕಂಡುಹಿಡಿದರು. 1902ರಲ್ಲಿ ನೊಬೆಲ್.' ಈಗ ಇದನ್ನು ಬಿಡಿಸೋಣ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಸೈನ್ಯದ ವೈದ್ಯ. 1883ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ನೋಡಿದರೆ ಕಿಟಕಿಯ ಹೊರಗೆ ನೀರು ನಿಂತ ಪೀಪಾಯಿ, ಅದರ ತುಂಬ ಸೊಳ್ಳೆ ಮರಿ. ಪೀಪಾಯಿ ಬೋರಲು ಹಾಕಿದರು, ಸೊಳ್ಳೆ ಕಡಿಮೆಯಾಯಿತು. ಆಗ ಅವರ ತಲೆಯಲ್ಲಿ ಮಲೇರಿಯಾ ಇರಲೇ ಇಲ್ಲ, ರಾತ್ರಿ ನಿದ್ದೆ ಬಂದರೆ ಸಾಕಾಗಿತ್ತು. ಮಕ್ಕಳಿಗೆ ಇದನ್ನು ಹೇಳಿ, ಬೆಂಗಳೂರು ಅಂದ ಕೂಡಲೇ ಕಿವಿ ನಿಮಿರುತ್ತದೆ.

ಮಲೇರಿಯಾಕ್ಕೆ ಕಾರಣವಾದ ಪರಾವಲಂಬಿಯನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡವರು ಲ್ಯಾವೆರನ್ ಎಂಬ ಫ್ರೆಂಚ್ ವೈದ್ಯ, 1880ರಲ್ಲಿ, ಅಲ್ಜೀರಿಯಾದಲ್ಲಿ. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ? ಕೆಟ್ಟ ಗಾಳಿ, ಜೌಗು ನೆಲದ ಹಬೆ, ಇವೇ ಆಗಿನ ಉತ್ತರ. ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರಿಗೆ ಸೊಳ್ಳೆಯ ಮೇಲೆ ಅನುಮಾನ. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು ಅವರು ಚೀನಾದಲ್ಲಿದ್ದಾಗ ಕಂಡಿದ್ದರು. 1894ರಲ್ಲಿ ರಜೆಯ ಮೇಲೆ ಹೋಗಿದ್ದ ರಾಸ್‌ಗೆ ಈ ಅನುಮಾನದ ಬೀಜ ಬಿತ್ತಿ ಕಳಿಸಿದವರು ಅವರೇ. ಆದರೆ ಮ್ಯಾನ್ಸನ್ ಅಂದಾಜಿನಲ್ಲೂ ಒಂದು ತಪ್ಪಿತ್ತು. ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಅಂತ ಅವರ ಲೆಕ್ಕ. ರಾಸ್ ಅದನ್ನೂ ಪರೀಕ್ಷಿಸಿದರು. ಅಂಥ ನೀರನ್ನು ಮನುಷ್ಯರಿಗೆ ಕುಡಿಸಿ ನೋಡಿದರು. ಇಲ್ಲಿ ಒಂದು ಕ್ಷಣ ನಿಲ್ಲಿಸಿ, "ಇವತ್ತು ಹೀಗೆ ಮಾಡಲು ಬಿಡುತ್ತಾರಾ?" ಎಂದು ಮಕ್ಕಳನ್ನು ಕೇಳಿ. ಅರ್ಧ ಗಂಟೆ ಸುಮ್ಮನಾಗುವುದಿಲ್ಲ.

ಭಾರತಕ್ಕೆ ಮರಳಿದ ರಾಸ್ ಎರಡು ವರ್ಷ ಸೊಳ್ಳೆ ಕೊಯ್ದು ನೋಡಿದರು. ಏನೂ ಸಿಗಲಿಲ್ಲ. ಯಾಕೆ? ಅವರು ನೋಡುತ್ತಿದ್ದ ಜಾತಿಯೇ ತಪ್ಪು. ಮನೆಯಲ್ಲಿ ಜಾಸ್ತಿ ಸಿಗುವ ಬೂದು ಸೊಳ್ಳೆಗಳ ಬೆನ್ನು ಬಿದ್ದಿದ್ದರು. 1897ರ ಬೇಸಿಗೆಯಲ್ಲಿ ಊಟಿ ಹತ್ತಿರದ ಸಿಗೂರು ಘಾಟಿಯಲ್ಲಿ ಅವರಿಗೇ ಮಲೇರಿಯಾ ಬಂತು. ರೆಕ್ಕೆಯ ಮೇಲೆ ಚುಕ್ಕೆ ಇರುವ, ಕೂತಾಗ ಹಿಂಭಾಗ ಮೇಲೆತ್ತುವ ಬೇರೊಂದು ಸೊಳ್ಳೆ ಅಲ್ಲಿ ಕಣ್ಣಿಗೆ ಬಿತ್ತು. ಅದೇ ಅನಾಫಿಲಿಸ್.

ಮುಂದಿನದು ಸಿಕಂದರಾಬಾದ್, ಬೇಗಂಪೇಟೆಯ ಆಸ್ಪತ್ರೆ, ಆಗಸ್ಟ್ ತಿಂಗಳು. ಹುಸೇನ್ ಖಾನ್ ಎಂಬ ರೋಗಿ. ಮರಿಯಿಂದ ಸಾಕಿದ ಚುಕ್ಕೆ ರೆಕ್ಕೆಯ ಸೊಳ್ಳೆಗಳನ್ನು 16ನೇ ತಾರೀಖು ಅವನ ಮೈಮೇಲೆ ಬಿಟ್ಟರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಸಂಬಳ. ಆಮೇಲೆ ದಿನಕ್ಕೆ ಒಂದೆರಡು ಸೊಳ್ಳೆ ಕೊಯ್ಯುವುದು. ಸೆಖೆ ಅಂದರೆ ಸೆಖೆ. ಪಂಖಾ ಎಳೆಸುವ ಹಾಗಿಲ್ಲ, ಕೊಯ್ದ ಸೊಳ್ಳೆ ಹಾರಿ ಹೋಗುತ್ತದೆ. ಹಣೆಯ ಬೆವರಿಗೆ ಮೈಕ್ರೋಸ್ಕೋಪಿನ ತಿರುಪುಗಳು ತುಕ್ಕು ಹಿಡಿದಿದ್ದವು. ಕಣ್ಣಿಡುವ ಗಾಜು ಸೀಳು ಬಿಟ್ಟಿತ್ತು. ನಿಮ್ಮ ಶಾಲೆಯ ಹಳೇ ಮೈಕ್ರೋಸ್ಕೋಪಿಗೆ ಇದನ್ನು ಹೇಳಿ ಸಮಾಧಾನ ಮಾಡಬಹುದು.

ಆಗಸ್ಟ್ 20ರಂದು, ಕೊನೆಗೆ ಉಳಿದ ಎರಡರಲ್ಲಿ ಒಂದನ್ನು ಕೊಯ್ದಾಗ ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡವು. ಈಗ ಆ ಮೂರನೆಯ ಪ್ರಶ್ನೆ ಹಾಕಿ. ದುಂಡಗಿನ ಕೋಶ ಸೊಳ್ಳೆಯದೇ ಯಾಕಾಗಿರಬಾರದು? ಅದರೊಳಗೆ ಕಪ್ಪು ಕಾಳುಗಳಿದ್ದವು. ಮಲೇರಿಯಾ ಪರಾವಲಂಬಿ ನಮ್ಮ ಕೆಂಪು ರಕ್ತಕಣದ ಹಿಮೋಗ್ಲೋಬಿನ್ ತಿಂದು ಉಳಿಸುವ ಕಸ ಅದು. ರೋಗಿಗಳ ರಕ್ತದಲ್ಲಿ ರಾಸ್ ಆ ಕಪ್ಪು ಕಾಳನ್ನು ಸಾವಿರ ಸಲ ನೋಡಿದ್ದರು. ಸೊಳ್ಳೆಯ ಸ್ವಂತ ಕೋಶದಲ್ಲಿ ಅದು ಇರುವುದಿಲ್ಲ. ಆದರೂ ಒಂದೇ ಸೊಳ್ಳೆಯನ್ನು ನಂಬುವುದು ಹೇಗೆ? ಮಾರನೆಯ ದಿನ ಕೊನೆಯದನ್ನೂ ಕೊಯ್ದರು. ಅದರಲ್ಲೂ ಅದೇ ಕೋಶಗಳು, ನಿನ್ನೆಗಿಂತ ದೊಡ್ಡವು. ಬೆಳೆಯುತ್ತಿದೆ ಅಂದಮೇಲೆ ಅದು ಜೀವಿ. ಇಲ್ಲಿ ನಾನು ಯಾವಾಗಲೂ ಪಾಠ ನಿಲ್ಲಿಸುತ್ತಿದ್ದೆ. ಯಾಕೆಂದರೆ ಮಕ್ಕಳು ತಾವೇ ಮುಂದಿನದನ್ನು ಕೇಳುತ್ತಾರೆ: "ಹೊಟ್ಟೆಯಲ್ಲಿ ಇದ್ದರೆ ಆಯ್ತಾ ಸಾರ್? ಕಚ್ಚಿದಾಗ ನಮಗೆ ಹೇಗೆ ಬರುತ್ತೆ?"

ಅದಕ್ಕೆ ಉತ್ತರ ಸಿಕ್ಕಿದ್ದು 1898ರ ಜುಲೈನಲ್ಲಿ, ಕಲ್ಕತ್ತೆಯಲ್ಲಿ, ಅದೂ ಗುಬ್ಬಚ್ಚಿಗಳಲ್ಲಿ. ಅದು ಪ್ಲೇಗಿನ ಕಾಲ, ಸೂಜಿ ಕಂಡರೆ ಜನ ಓಡುತ್ತಿದ್ದರು. ಹಾಗಾಗಿ ರಾಸ್ ಹಕ್ಕಿಗಳ ಮಲೇರಿಯಾವನ್ನು ಆರಿಸಿಕೊಂಡರು. ಪರಾವಲಂಬಿ ಸೊಳ್ಳೆಯ ಹೊಟ್ಟೆಯಿಂದ ಹೊರಟು ಜೊಲ್ಲಿನ ಗ್ರಂಥಿಗೆ ಬರುವುದನ್ನು ಕಂಡರು. ಮೊಹಮ್ಮದ್ ಬಕ್ಸ್ ಎಂಬ ಸಹಾಯಕ ಇಲ್ಲದಿದ್ದರೆ ಆ ಕೆಲಸ ಅಷ್ಟು ಬೇಗ ಆಗುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಇಟಲಿಯಲ್ಲಿ ಗ್ರಾಸಿ ಮತ್ತು ಜೊತೆಗಾರರು ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆಯೇ ಹರಡುತ್ತದೆ ಎಂದು ತೋರಿಸಿದರು. ನೊಬೆಲ್ ರಾಸ್ ಒಬ್ಬರಿಗೇ ಬಂತು. ರಾಸ್ ಮತ್ತು ಗ್ರಾಸಿ ಆಮೇಲೆ ಜಗಳ ಆಡಿದ್ದೂ ಆಡಿದ್ದೇ. ಹುಸೇನ್ ಖಾನ್‌ಗೆ ಆಣೆಗಳು ಸಿಕ್ಕವು.

ಇಷ್ಟನ್ನು ಓದಿದ ತಂಡಕ್ಕೆ ಕೈಕೆಲಸವೂ ಇದೆ. ತೊಟ್ಟಿ, ಹಳೇ ಟೈರು, ಹಳ್ಳದ ನೀರಿನಲ್ಲಿ ಸೊಳ್ಳೆ ಮರಿ ಹುಡುಕಲಿ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಎಂಬ ಇನ್ನೊಂದು ಜಾತಿಯ ಸೊಳ್ಳೆಯ ಮರಿ ಬಾಲದ ಕೊಳವೆಯನ್ನು ಮೇಲಿಟ್ಟು ತಲೆಕೆಳಗಾಗಿ ನೇತಾಡುತ್ತದೆ. ಬರಿಗಣ್ಣಿಗೆ ಗೊತ್ತಾಗುತ್ತದೆ. ಶಾಲೆಗೆ ತಂದರೆ ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿಸಿ, ಮೂರನೇ ದಿನಕ್ಕೆ ಒಣ ಮಣ್ಣಿಗೆ ಚೆಲ್ಲಿಸಿ. ಮರೆತರೆ ಪ್ರಾಜೆಕ್ಟು ರೆಕ್ಕೆ ಬಂದು ಹಾರುತ್ತದೆ, ನನಗೆ ಒಮ್ಮೆ ಹಾಗಾಗಿದೆ.

52 ಮಕ್ಕಳಿಗೆ 52 ಬೇರೆ ಬೇರೆ ಪ್ರಾಜೆಕ್ಟ್ ಬೇಡ, ಓದಿ ಮುಗಿಸುವುದರೊಳಗೆ ನೀವು ಸುಸ್ತಾಗುತ್ತೀರಿ. ನಾಲ್ವರ 13 ತಂಡ ಮಾಡಿ. ಕೆಲವು ಪ್ರಶ್ನೆಗಳು ನಾಲ್ವರಿಗೆ ಹೇಳಿ ಮಾಡಿಸಿದ ಹಾಗಿವೆ. ಕಾಲರಾ ಅಂಥದ್ದು. 'ವಾಂತಿಭೇದಿ ಮನುಷ್ಯನನ್ನು ಕೊಲ್ಲುವುದು ಹೇಗೆ?' ಎಂದು ಕೇಳಿ ನಾಲ್ವರನ್ನೂ ರಿಲೇ ಓಟಕ್ಕೆ ನಿಲ್ಲಿಸಿ.

ಮೊದಲನೆಯವರು 1854ರ ಲಂಡನ್ನಿಗೆ ಹೋಗಲಿ. ಸೋಹೋ ಬಡಾವಣೆಯಲ್ಲಿ ಹತ್ತು ದಿನಕ್ಕೆ 500ಕ್ಕೂ ಹೆಚ್ಚು ಸಾವು. ಜಾನ್ ಸ್ನೋ ಎಂಬ ವೈದ್ಯರು ಮನೆಮನೆ ಸುತ್ತಿ ಸತ್ತವರು ಯಾವ ಪಂಪಿನ ನೀರು ಕುಡಿದಿದ್ದರು ಅಂತ ಕೇಳಿದರು. ಬ್ರಾಡ್ ಸ್ಟ್ರೀಟಿನ ಪಂಪು ಸಿಕ್ಕಿಬಿತ್ತು. ಆ ಬೀದಿಯಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಮಾತ್ರ ಉಳಿದರು, ಅವರು ಆ ಪಂಪಿನ ನೀರನ್ನೇ ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಿದರು. ಹಿಡಿ ಕಳಚಿದ್ದರಿಂದಲೇ ರೋಗ ನಿಂತಿತು ಎಂದು ಎಲ್ಲ ಕಡೆ ಬರೆದಿರುತ್ತದೆ. ಆದರೆ ಅಷ್ಟು ಹೊತ್ತಿಗೆ ಜನ ಊರು ಬಿಟ್ಟಿದ್ದರು, ರೋಗವೂ ಇಳಿಮುಖವಾಗಿತ್ತು. ಇದನ್ನು ಸ್ನೋ ತಾವೇ ಒಪ್ಪಿದ್ದರು. ಈ ಹುಡುಗ ನಿಮ್ಮ ಊರಿನ ನಕ್ಷೆ ಬರೆಯಲಿ. ಯಾವ ಓಣಿಗೆ ಪಂಚಾಯ್ತಿ ನಲ್ಲಿ, ಯಾವ ಓಣಿಗೆ ಬೋರ್‌ವೆಲ್, ಯಾರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ.

ಎರಡನೆಯವರಿಗೆ ಜರ್ಮನಿಯ ವೈದ್ಯ ರಾಬರ್ಟ್ ಕಾಕ್. 1884ರಲ್ಲಿ ಕಲ್ಕತ್ತೆಯಲ್ಲಿ ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯವೇ ಕಾಲರಾಕ್ಕೆ ಕಾರಣ ಎಂದು ಅವರು ತೋರಿಸಿದರು. ಅದೇ ಬ್ಯಾಕ್ಟೀರಿಯವನ್ನು ಪಚೀನಿ ಎಂಬವರು ಮೂವತ್ತು ವರ್ಷ ಮೊದಲೇ ಇಟಲಿಯಲ್ಲಿ ಕಂಡಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೂರನೆಯವರಿಗೆ ಯಾವ ಚಾರ್ಟಿನಲ್ಲೂ ಇಲ್ಲದ ಹೆಸರು ಕೊಡಿ, ಶಂಭುನಾಥ್ ಡೇ. ಅವರು ಕೆಲಸ ಮಾಡಿದ್ದೂ ಕಲ್ಕತ್ತೆಯಲ್ಲೇ. ಬ್ಯಾಕ್ಟೀರಿಯ ಸಿಕ್ಕಿ ಎಪ್ಪತ್ತು ವರ್ಷ ಕಳೆದರೂ ಅದು ಕೊಲ್ಲುವುದು ಹೇಗೆ ಅನ್ನುವುದನ್ನು ಯಾರೂ ಬಿಡಿಸಿರಲಿಲ್ಲ. ಡೇ ಮೊಲದ ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಗೆ ದಾರ ಕಟ್ಟಿ, ಒಳಗೆ ಕಾಲರಾ ಬ್ಯಾಕ್ಟೀರಿಯ ಸೇರಿಸಿದರು. ಆ ತುಂಡು ನೀರು ತುಂಬಿ ಬಲೂನಿನಂತೆ ಊದಿಕೊಂಡಿತು. 1959ರಲ್ಲಿ ಇನ್ನೂ ಮುಂದೆ ಹೋದರು. ಬ್ಯಾಕ್ಟೀರಿಯ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯ ಇಲ್ಲದ ಹಾಗೆ ಮಾಡಿ ಅದನ್ನು ಹಾಕಿದರು. ಆಗಲೂ ಊದಿತು. ಅಂದರೆ ಕೊಲ್ಲುವುದು ಬ್ಯಾಕ್ಟೀರಿಯ ಹೊರಬಿಡುವ ವಿಷ. ಅದು ಕರುಳಿನಿಂದ ನೀರು ಸುರಿಸುತ್ತದೆ, ಮನುಷ್ಯ ಒಣಗಿ ಸಾಯುತ್ತಾನೆ. 'ಹೇಗೆ ಗೊತ್ತಾಯಿತು' ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ನಾಲ್ಕನೆಯವರು 1971ಕ್ಕೆ ಬರಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು, ಪಶ್ಚಿಮ ಬಂಗಾಳದ ಬೊಂಗಾಂವ್ ಶಿಬಿರ, ಡ್ರಿಪ್ ಬಾಟಲಿ ಸಾಲುತ್ತಿಲ್ಲ. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಆಶಾ ಕಾರ್ಯಕರ್ತೆ ಮನೆಗೆ ಕೊಟ್ಟು ಹೋಗುವ ಓಆರ್‌ಎಸ್ ಪೊಟ್ಟಣ ಇದೇ. ಆ ಪೊಟ್ಟಣವನ್ನೇ ತಂದು ಹಾಳೆಗೆ ಅಂಟಿಸಲಿ, ಪ್ರಿಂಟ್ ತೆಗೆಸಿದ ಫೋಟೋಕ್ಕಿಂತ ಚೆನ್ನ.

ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಹುಡುಕಿದ ಮೆಂಡಲ್‌ರನ್ನು ಹತ್ತನೇ ತರಗತಿಗೆ ಇಟ್ಟುಕೊಳ್ಳಿ, ಅನುವಂಶೀಯತೆ ಪಾಠ ಬರುವುದು ಅಲ್ಲೇ. ಅವರ ಜೀವನದಲ್ಲಿ ಮಕ್ಕಳಿಗೆ ಇಷ್ಟವಾಗುವುದು ಒಂದೇ ಸಂಗತಿ, ಶಿಕ್ಷಕರ ಪರೀಕ್ಷೆಯಲ್ಲಿ ಫೇಲಾಗಿದ್ದರು. ಅದನ್ನು ಹೇಳಿ ಮುಗಿಸಿ ಲೆಕ್ಕಕ್ಕೆ ಇಳಿಯಿರಿ. ಗುಂಡು ಬಟಾಣಿ 5474, ಸುಕ್ಕು ಬಟಾಣಿ 1850. 7324 ಕಾಳನ್ನು ಒಬ್ಬ ಮನುಷ್ಯ ಯಾಕೆ ಎಣಿಸಬೇಕು? ಇಪ್ಪತ್ತು ಎಣಿಸಿದರೆ ಸಾಲದಾ? ಪ್ರತಿ ಮಗುವಿನ ಕೈಗೆ ಎರಡು ನಾಣ್ಯ ಕೊಡಿ. ಎರಡನ್ನೂ ಒಟ್ಟಿಗೆ 20 ಸಲ ಚಿಮ್ಮಲಿ, ಎರಡೂ ಟೇಲ್ ಬಿದ್ದರೆ ಸುಕ್ಕು, ಉಳಿದದ್ದೆಲ್ಲ ಗುಂಡು. ಒಬ್ಬನಿಗೆ ಎರಡು ಸುಕ್ಕು ಬರುತ್ತದೆ, ಇನ್ನೊಬ್ಬಳಿಗೆ ಎಂಟು. ಇಡೀ ಕ್ಲಾಸಿನದು ಕೂಡಿಸಿ ಬೋರ್ಡಿನ ಮೇಲೆ ಬರೆಯಿರಿ, 3ಕ್ಕೆ 1ರ ಹತ್ತಿರ ಬಂದು ನಿಲ್ಲುತ್ತದೆ. ಜಾಣ ಮಕ್ಕಳಿದ್ದರೆ ಇನ್ನೊಂದು ಹೇಳಿ. ಮೆಂಡಲ್ ಅಂಕಿಗಳು ಅನುಮಾನ ಬರುವಷ್ಟು ಚೆನ್ನಾಗಿವೆ ಎಂದು 1936ರಲ್ಲಿ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ ತಕರಾರು ತೆಗೆದಿದ್ದರು. ಅದರ ಚರ್ಚೆ ದಶಕಗಟ್ಟಲೆ ನಡೆಯಿತು.

ನಮ್ಮವರನ್ನೂ ಕೊಡಬೇಕು ಅಂತ ನಿಮಗೆ ಅನಿಸಿರುತ್ತದೆ. ಕೊಡಿ, ಆದರೆ ಹೆಮ್ಮೆ ಪಡಲಿ ಅಂತ ಮಾತ್ರ ಕೊಟ್ಟರೆ ಮತ್ತೆ ಚಾರ್ಟೇ ಬರುತ್ತದೆ. ಕಮಲಾ ಸೊಹೊನಿ ಅವರ ವಿಷಯ ನೋಡಿ. 1933ರಲ್ಲಿ ಬಾಂಬೆಯಿಂದ ಡಿಗ್ರಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಈಗಿನ ಐಐಎಸ್‌ಸಿ) ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೆ ಸೀಟು ಇಲ್ಲ ಅಂದರು. ಆಕೆ ಬಿಡಲಿಲ್ಲ, ಬೆಂಗಳೂರಿಗೇ ಬಂದು ಹಟ ಹಿಡಿದರು. ಒಂದು ವರ್ಷ ಪರೀಕ್ಷೆಗೆ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಅಲ್ಲಿ ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ಮುಂದೆ ಕೇಂಬ್ರಿಜ್‌ಗೆ ಹೋಗಿ, ಗಿಡದ ಕೋಶಗಳಲ್ಲೂ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್‌ಡಿ ಪಡೆದರು. ಭಾರತಕ್ಕೆ ಮರಳಿ ಬಂದ ಮೇಲೆ 'ನೀರಾ' ಪಾನೀಯದ ಪೌಷ್ಟಿಕತೆಯ ಮೇಲೂ ಕೆಲಸ ಮಾಡಿದರು. ರಾಮನ್ ವಿಷಯವನ್ನು ಮಕ್ಕಳಿಂದ ಮುಚ್ಚಿಡಬೇಡಿ. ನಿಮ್ಮ ಕ್ಲಾಸಿನ ಹುಡುಗಿಯರಿಗೆ ಅದು ಗೊತ್ತಿರಬೇಕು.

ಇದೇ ತಂಡಕ್ಕೆ ಒಂದು ಪತ್ತೇದಾರಿ ಕೆಲಸ ಕೊಡಿ. 'ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ' ಎಂದು ಕಮಲಾ ಅವರ ಬಗ್ಗೆ ಬರೆದಿರುತ್ತದೆ. ಹಾಗಾದರೆ ತಲಶ್ಶೇರಿಯ ಜಾನಕಿ ಅಮ್ಮಾಳ್? ಕಬ್ಬಿನ ತಳಿಗಳ ಮೇಲೆ ಕೊಯಮತ್ತೂರಿನಲ್ಲಿ ಕೆಲಸ ಮಾಡಿದ ಅವರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1931ರಲ್ಲೇ ಡಿಎಸ್ಸಿ (ಡಾಕ್ಟರ್ ಆಫ್ ಸೈನ್ಸ್) ಕೊಟ್ಟಿತ್ತು. ಪಿಎಚ್‌ಡಿ ಬೇರೆ, ಡಿಎಸ್ಸಿ ಬೇರೆಯಾ? 'ಮೊದಲ' ಎಂಬ ಪದ ಕಂಡಲ್ಲೆಲ್ಲ ಯಾವುದರಲ್ಲಿ ಮೊದಲು, ಎಲ್ಲಿ ಮೊದಲು ಅಂತ ಕೇಳುವ ಚಾಳಿ ಹತ್ತಿದರೆ ನಿಮ್ಮ ಅರ್ಧ ಕೆಲಸ ಆಯಿತು.

ಫೋನಿನ ಬಗ್ಗೆಯೂ ಒಂದು ಮಾತು. ಫೋನ್ ಮುಟ್ಟಬೇಡಿ ಅನ್ನುವುದು ಸುಮ್ನೆ ಮಾತು, ಮುಟ್ಟೇ ಮುಟ್ಟುತ್ತಾರೆ. ನಾನು ಹೇಳುವುದು, ಫೋನಿನ ಉತ್ತರವನ್ನೇ ತನ್ನಿ, ಆದರೆ ಅದರಲ್ಲಿ ಒಂದು ತಪ್ಪು ಹುಡುಕಿ ತನ್ನಿ. ಹುಡುಗ ಚರ್ಚಿಲ್‌ನನ್ನು ಫ್ಲೆಮಿಂಗ್‌ನ ಬಡ ಅಪ್ಪ ಕಾಪಾಡಿದ, ಮುಂದೆ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಮತ್ತೆ ಚರ್ಚಿಲ್‌ನನ್ನು ಉಳಿಸಿತು ಎಂಬ ಕಥೆ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಪೂರ್ತಿ ಸುಳ್ಳು. 1943ರಲ್ಲಿ ನ್ಯುಮೋನಿಯಾ ಆದಾಗ ಚರ್ಚಿಲ್‌ಗೆ ಕೊಟ್ಟಿದ್ದು ಸಲ್ಫಾ ಔಷಧ. 'ಬಲಿಷ್ಠವಾದದ್ದೇ ಉಳಿಯುತ್ತದೆ' ಎಂದು ಡಾರ್ವಿನ್ ಹೆಸರಿನಲ್ಲಿ ಬರುವ ಸಾಲಿನ ಮೂಲ ಮಾತು ಹರ್ಬರ್ಟ್ ಸ್ಪೆನ್ಸರ್ ಅವರದು. ಡಾರ್ವಿನ್ ಅದನ್ನು ಆಮೇಲೆ ಎರವಲು ತೆಗೆದುಕೊಂಡರು. ಅದರ ಅರ್ಥವೂ ಬಲಿಷ್ಠ ಅಂತಲ್ಲ, ಆ ಜಾಗಕ್ಕೆ ಒಗ್ಗಿದ್ದು ಅಂತ. ಇಂಥ ತಪ್ಪು ಹಿಡಿದ ಮಗುವಿನ ಮುಖ ನೋಡಬೇಕು ನೀವು.

ಸರಿಯಾದ ಮಾಹಿತಿ ಎಲ್ಲಿ ಅಂದರೆ, ನೊಬೆಲ್ ಪಡೆದವರ ಭಾಷಣಗಳು ನೊಬೆಲ್ ಸಂಸ್ಥೆಯ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ, ರಾಸ್ ಅವರದೂ ಇದೆ. ಡಾರ್ವಿನ್ ಬರೆದ ಪತ್ರಗಳೂ ಹಾಗೇ ಸಿಗುತ್ತವೆ. ಇಂಗ್ಲಿಷ್ ಕಷ್ಟ ಅನ್ನುವ ಮಕ್ಕಳ ಜೊತೆ ಕೂತು ಅರ್ಧ ಪುಟ ನೀವೇ ಓದಿ ಹೇಳಿ, ಅಷ್ಟು ಸಾಕು. ಕನ್ನಡದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೇ ಸಂಚಿಕೆಗಳು ಸಿಕ್ಕರೆ ಬಿಡಬೇಡಿ. ಎಷ್ಟೋ ಶಾಲೆಗಳ ಬೀರುವಿನ ಕೆಳಗಿನ ಅರೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತವೆ.

ಅಂಕಕ್ಕೆ ಬರೋಣ. ಹತ್ತು ಅಂಕ ಅಂದುಕೊಳ್ಳಿ. 'ಅದೇ ಎಂದು ಹೇಗೆ ಗೊತ್ತಾಯಿತು' ಎಂಬುದನ್ನು ಹಾಳೆ ನೋಡದೆ ಸ್ವಂತ ಮಾತಿನಲ್ಲಿ ಹೇಳಿದರೆ ನಾಲ್ಕು. ಕೈಯಾರೆ ಮಾಡಿದ್ದರ ನೋಟ್‌ಬುಕ್ಕಿಗೆ ಮೂರು. ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿದ್ದು, ತಪ್ಪಿ ಮತ್ತೆ ಮಾಡಿದ್ದು ಕಂಡರೆ ಅಂಕ ಕಡಿಮೆ ಮಾಡಬೇಡಿ, ಅದೇ ನಿಜವಾದ ನೋಟ್‌ಬುಕ್. ತಪ್ಪು ಹುಡುಕಿದ್ದಕ್ಕೆ ಎರಡು. ಅಂದಕ್ಕೆ ಒಂದೇ ಒಂದು. ಸ್ಕೆಚ್ ಪೆನ್ನು, ಮಿನುಗುವ ಕಾಗದ ಕೊಳ್ಳಲು ದುಡ್ಡಿರುವ ಮನೆಯ ಮಕ್ಕಳು ಗೆಲ್ಲುವುದು ಇದರಿಂದ ನಿಲ್ಲುತ್ತದೆ. ನಾನು ಮೊದಲ ಕೆಲವು ವರ್ಷ ಅಂಥ ಚಾರ್ಟುಗಳಿಗೇ ಹತ್ತಕ್ಕೆ ಹತ್ತು ಕೊಟ್ಟವನು. ಒಂದು ತಂಡಕ್ಕೆ ಐದು ನಿಮಿಷ ಮಾತು ಅಂದರೆ 13 ತಂಡಕ್ಕೆ ಎರಡು ಪೀರಿಯಡ್ ಹಿಡಿಯುತ್ತದೆ. ಹೆಡ್‌ಮಾಸ್ಟರು ಕೇಳಿದರೆ ಪಾಠವೇ ನಡೆಯುತ್ತಿದೆ ಎನ್ನಿ, ಸುಳ್ಳೇನಲ್ಲ.

ಕೊನೆಯದಾಗಿ ನನಗೆ ತುಂಬ ಇಷ್ಟವಾದ ಪ್ರಶ್ನೆ. 'ಅವರೆಕಾಯಿ ಅಂದರೆ ಏನು?' ಬಿ.ಜಿ.ಎಲ್. ಸ್ವಾಮಿಯವರನ್ನು ಕನ್ನಡದವರು ನಗಿಸುವ ಲೇಖಕರು, ಡಿವಿಜಿಯವರ ಮಗ ಎಂದು ಬಲ್ಲರು. 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದೂ ಗೊತ್ತು. ಅವರು ಸಸ್ಯಶಾಸ್ತ್ರದಲ್ಲಿ ಮಾಡಿದ್ದೇನು ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅಮೆರಿಕದ ಹಾರ್ವರ್ಡಿನಲ್ಲಿ ಬೈಲಿ ಎಂಬ ಪ್ರೊಫೆಸರ್ ಜೊತೆ ಅವರು ಹೂವಿನ ಅಂಡಾಶಯ (ಮುಂದೆ ಕಾಯಿ ಆಗುವ ಭಾಗ) ಮೊದಲು ಹೇಗಿದ್ದಿರಬಹುದು ಎಂದು ಹುಡುಕಿದರು. ಫಿಜಿ ದ್ವೀಪದ ಡೀಜನೇರಿಯಾದಂಥ ಮರಗಳ ಹೂವಿನಲ್ಲಿ ಅದು ನಡುವೆ ಮಡಚಿದ ಎಲೆಯ ಹಾಗಿದೆ, ಅಂಚುಗಳು ಇನ್ನೂ ಪೂರ್ತಿ ಬೆಸೆದುಕೊಂಡಿಲ್ಲ. ಇದರ ಬಗ್ಗೆ ಇಬ್ಬರೂ 1951ರಲ್ಲಿ ಬರೆದ ಪ್ರಬಂಧ ಆ ವಿಷಯದಲ್ಲಿ ಹೆಸರುವಾಸಿ.

ಫಿಜಿಯ ಮರ ನಮಗೆ ಸಿಗುವುದಿಲ್ಲ. ಅವರೆಕಾಯಿ ಸಿಗುತ್ತದೆ. ಒಂದು ಕಾಯಿಯನ್ನು ಕಾಳಿರುವ ಕಡೆಯ ಅಂಚಿನಿಂದ ಮೆಲ್ಲಗೆ ಬಿಡಿಸಿ ಅಗಲವಾಗಿ ಹರಡಲು ಹೇಳಿ. ನಡುವೆ ನರ, ಆಚೆ ಈಚೆ ಎರಡು ಅರ್ಧ, ಹಸಿರು ಬಣ್ಣ. ಕಾಳುಗಳು ಕೂತಿರುವುದು ನಡುನರದ ಮೇಲಲ್ಲ, ಎರಡೂ ಅಂಚುಗಳ ಉದ್ದಕ್ಕೆ. ಪಕ್ಕದಲ್ಲಿ ಒಂದು ಹಲಸಿನೆಲೆಯನ್ನು ದೊನ್ನೆಗೆ ಮಡಚುವ ಹಾಗೆ ಉದ್ದಕ್ಕೆ ಮಡಚಿ ಇಡಲಿ. ಯಾರೂ ಏನೂ ಹೇಳಬೇಕಾಗಿಲ್ಲ. ಆದರೆ ಇದಕ್ಕೆ ಈ ತಿಂಗಳೇ ಗಡುವು ಹಾಕಬೇಡಿ. ಸೊಗಡಿನ ಅವರೆ ಸಂತೆಗೆ ಬರುವುದು ಡಿಸೆಂಬರಿಗೆ, ಆ ತಂಡಕ್ಕೆ ಅಲ್ಲಿಯವರೆಗೆ ಸಮಯ ಕೊಡಿ. ಕಾಯಿ ಎರಡು ಕೆಜಿ ಜಾಸ್ತಿಯೇ ತರಿಸಿ, ಬಿಡಿಸಿದ ಕಾಳು ಬಿಸಿಯೂಟದ ಸಾರಿಗೆ ಆಗುತ್ತದೆ.